‘ಅಭ್ಯಾಸ ಹೆಂಗ್ ನಡದೈತವಾ?’

ಮೇಡಂ, ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ, ಮೂರನೇ ಸೆಮ್. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಎಸ್ಸೆಸ್ಸೆಲ್ಸಿಯಲ್ಲಿ ಶೇ 93 ಬಂದಿತ್ತು. ಈಗ ಮೊದಲ ವರ್ಷದ ಎರಡೂ ಗಣಿತ ಬ್ಯಾಕ್ ಉಳಿದಿವೆ. ಪ್ರತಿ ಸೆಮ್ ಶುರುವಾದಾಗ ‘ಈ ಸಲ ಮೊದಲ ದಿನದಿಂದಲೇ ಓದಬೇಕು’ ಎಂದು ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸುತ್ತೇನೆ. ಒಂದು ವಾರ ನಡೆಯುತ್ತದೆ. ಆಮೇಲೆ ಅದರ ಕಡೆ ನೋಡಿದರೇ ಹೊಟ್ಟೆಯಲ್ಲಿ ಸಂಕಟ. ಪರೀಕ್ಷೆಗೆ ಹದಿನೈದು ದಿನ ಇದೆ ಅನ್ನುವಾಗ ರಾತ್ರಿಯೆಲ್ಲ ಓದುತ್ತೇನೆ. ಹಾಲ್‌ನಲ್ಲಿ ಕೂತರೆ ತಲೆ ಖಾಲಿ. ಅಪ್ಪ ದಿನಾ ರಾತ್ರಿ ಫೋನ್ ಮಾಡಿ ‘ಅಭ್ಯಾಸ ಹೆಂಗ್ ನಡದೈತವಾ?’ ಅಂತಾರೆ. ‘ಚಲೋ ನಡದೈತಪ್ಪಾ’ ಅಂತೀನಿ. ಬ್ಯಾಕ್ ಇರುವುದು ಅವರಿಗೆ ಗೊತ್ತಿಲ್ಲ. ನಾನು ಸೋಮಾರಿಯೋ, ದಡ್ಡಿಯೋ ತಿಳಿಯುತ್ತಿಲ್ಲ. ಕೆಲವು ಸಲ ಎಲ್ಲ ಬಿಟ್ಟು ಎಲ್ಲಿಗಾದರೂ ಹೋಗಿಬಿಡೋಣ ಅನ್ನಿಸುತ್ತದೆ.
– ಹೆಸರು, ಊರು ಬೇಡ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉಳಿದುಹೋದ ಗಣಿತದ ಬಗ್ಗೆ ಬರೆದಿರುವುದು ಒಂದೇ ಸಾಲು. ಅಪ್ಪನ ಫೋನಿನ ಬಗ್ಗೆ ಮೂರು. ಭಾರ ಎಲ್ಲಿ ಕೂತಿದೆ ಎಂಬುದನ್ನು ನೀವೇ ಹೇಳಿಬಿಟ್ಟಿದ್ದೀರಿ. ಅಕ್ಕರೆಯಿಂದ ಕೇಳಿದ ಮಾತಿಗೆ ದಿನಾ ರಾತ್ರಿ ಸುಳ್ಳು ಹೇಳಿ, ಫೋನ್ ಇಟ್ಟ ಮೇಲೆ ಅದೇ ಟೇಬಲ್ಲಿನ ಮುಂದೆ ಕೂತು ಪುಸ್ತಕ ತೆರೆಯುವುದು ಯಾರಿಗೂ ಸುಲಭವಲ್ಲ. ಅದರ ಮೇಲೆ, ಊರಿನಲ್ಲಿ ಎಲ್ಲರೂ ‘ಶಾಣ್ಯಾ ಹುಡುಗಿ’ ಎಂದು ಕಳಿಸಿಕೊಟ್ಟವಳು ನೀವು. ಹಾಗೆ ಕರೆಸಿಕೊಂಡವರಿಗೆ ಸೋಲಿನ ಜೊತೆಗೆ ಅವಮಾನವೂ ಸೇರಿ ಬರುತ್ತದೆ. ನಿಮಗಾಗಿರುವ ಸಂಕಟ ಸಣ್ಣದಲ್ಲ. ಅದನ್ನು ಸಣ್ಣದು ಮಾಡಿ ‘ಚೆನ್ನಾಗಿ ಓದಮ್ಮ, ಎಲ್ಲ ಸರಿಹೋಗುತ್ತೆ’ ಎಂದು ಹೇಳಿ ಮುಗಿಸುವ ಮನಸ್ಸು ನನಗಿಲ್ಲ.

ಮೊದಲು ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ‘ಎಲ್ಲ ಬಿಟ್ಟು ಎಲ್ಲಿಗಾದರೂ ಹೋಗಿಬಿಡೋಣ’ ಎಂದರೆ ಕಾಲೇಜು ಬಿಡುವ ಮಾತೋ, ಬದುಕೇ ಬೇಡ ಅನ್ನುವ ಮಾತೋ? ಇಷ್ಟು ನೇರವಾಗಿ ಕೇಳುತ್ತಿರುವುದಕ್ಕೆ ಬೇಸರ ಬೇಡ. ಸುತ್ತುಬಳಸಿ ಕೇಳಿದರೆ ಸುತ್ತುಬಳಸಿದ ಉತ್ತರವೇ ಬರುತ್ತದೆ. ಎರಡನೆಯದರ ನೆರಳು ಒಂದು ದಿನ ಸುಳಿದಿದ್ದರೂ ಈ ಪುಟವನ್ನು ಪಕ್ಕಕ್ಕಿಟ್ಟು 14416ಕ್ಕೆ ಫೋನ್ ಮಾಡಿ. ಇದು ‘ಟೆಲಿ ಮಾನಸ್’ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ. ಆ ಹೊತ್ತಿನಲ್ಲಿ ರೂಮಿನಲ್ಲಿ ಒಬ್ಬರೇ ಇರಬೇಡಿ, ಪಕ್ಕದ ಹುಡುಗಿಯನ್ನು ಎಬ್ಬಿಸಿ ಕೂರಿಸಿಕೊಳ್ಳಿ. ನಿದ್ದೆ ಬಾರದೆ, ಊಟ ಸೇರದೆ, ಸುಮ್ಮಸುಮ್ಮನೆ ಅಳು ಬರುವುದು ಎರಡು ವಾರಕ್ಕಿಂತ ಹೆಚ್ಚು ನಡೆದಿದ್ದರೂ ಅಷ್ಟೇ, ಕಾಲೇಜಿನ ಕೌನ್ಸೆಲರ್ ಇದ್ದರೆ ಅವರನ್ನೋ, ಮನೋವೈದ್ಯರನ್ನೋ ನೋಡಿ. ಓದಿನ ಮಾತು ಆಮೇಲೆ.

ಈಗ ಆ ಪ್ರಶ್ನೆ: ಸೋಮಾರಿಯೋ, ದಡ್ಡಿಯೋ?

ಸೋಮಾರಿ ಹದಿನೈದು ರಾತ್ರಿ ನಿದ್ದೆಗೆಟ್ಟು ಓದುವುದಿಲ್ಲ. ಅಷ್ಟು ದುಡಿಮೆ ನಿಮ್ಮಲ್ಲಿದೆ. ಉಳಿದ ಮೂರು ತಿಂಗಳು ಅದು ಎಲ್ಲಿ ಹೋಗುತ್ತದೆ ಎಂದು ನೋಡೋಣ. ಟೈಮ್‌ಟೇಬಲ್ ಅಂಟಿಸಿದ ಎಂಟನೇ ದಿನ ಜ್ವರವೋ, ಲ್ಯಾಬ್ ರೆಕಾರ್ಡೋ, ಗೆಳತಿಯ ಹುಟ್ಟುಹಬ್ಬವೋ ಬಂದು ಒಂದು ದಿನ ತಪ್ಪುತ್ತದೆ. ಮರುದಿನ ಎರಡು ದಿನದ ಬಾಕಿ. ಪುಸ್ತಕ ತೆರೆದರೆ ಮೊದಲು ಕಾಣುವುದು ಆ ಬಾಕಿ. ಮುಚ್ಚಿದ ಕೂಡಲೇ ಎದೆಗೆ ಸ್ವಲ್ಪ ಹಗುರ. ಆ ಹಗುರವೇ ಮೋಸ. ಮುಚ್ಚಿದರೆ ಸಮಾಧಾನ ಎಂದು ಮನಸ್ಸು ಕಲಿತುಕೊಂಡುಬಿಡುತ್ತದೆ, ಮಗು ಅತ್ತರೆ ಮಿಠಾಯಿ ಸಿಗುತ್ತದೆ ಎಂದು ಕಲಿತ ಹಾಗೆ. ಹೀಗೆ ತಿಂಗಳುಗಳು ಸರಿಯುತ್ತವೆ. ಕೊನೆಗೆ ಪರೀಕ್ಷೆಯ ಭಯ ಈ ನಾಚಿಕೆಗಿಂತ ದೊಡ್ಡದಾದ ದಿನ ನೀವು ಓದಲು ಕೂರುತ್ತೀರಿ. ಅದು ಹೆಚ್ಚುಕಡಿಮೆ ಹದಿನೈದು ದಿನ ಮುಂಚೆ.

ಅಂದರೆ ನಿಮ್ಮನ್ನು ತಡೆಯುತ್ತಿರುವುದು ನಾಚಿಕೆ. ನನ್ನ ಹತ್ತಿರ ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಕಥೆ ಇದೇ. ಅವರಲ್ಲಿ ಅನೇಕರಿಗೆ ಗೋಡೆಯ ಮೇಲೆ ಐದು ಬಣ್ಣದ ಟೈಮ್‌ಟೇಬಲ್ ಇರುತ್ತದೆ. ನನಗೆ ಆ ಬಣ್ಣದ ಕಾಗದಗಳ ಮೇಲೆ ಸ್ವಲ್ಪ ಸಿಟ್ಟೇ ಇದೆ. ತಪ್ಪಿದ ದಿನಕ್ಕೆ ಅವುಗಳಲ್ಲಿ ಜಾಗವೇ ಇರುವುದಿಲ್ಲ. ಇವತ್ತು ಅದನ್ನು ಕಿತ್ತುಹಾಕಿ, ಹೊಸದನ್ನು ಬರೆಯಬೇಡಿ. ‘ದಿನಕ್ಕೆ ಹದಿನಾಲ್ಕು ಗಂಟೆ ಓದಿದೆ’ ಎನ್ನುವ ವಿಡಿಯೊಗಳನ್ನೂ ಕೆಲವು ದಿನ ದೂರವಿಡಿ.

ಇನ್ನು ದಡ್ಡತನದ ಅನುಮಾನ. ರಾತ್ರಿಯೆಲ್ಲ ಓದಿದ್ದು ಹಾಲ್‌ನಲ್ಲಿ ಹಾರಿಹೋಗುವುದನ್ನು ಅದಕ್ಕೆ ಸಾಕ್ಷಿ ಎಂದುಕೊಂಡಿದ್ದೀರಿ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ಲೆಕ್ಕವಿಟ್ಟು 1885ರಲ್ಲಿ ಪುಸ್ತಕ ಬರೆದ. ಹೆಚ್ಚಿನ ಮರೆವು ಮೊದಲ ಒಂದೆರಡು ದಿನಗಳಲ್ಲೇ ಆಗಿಹೋಗುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ಕಲಿತದ್ದು ಒಂದೇ ಸಲ ಗುದ್ದಿದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ ಎಂಬುದು ಅವನಿಗೆ ಆಗಲೇ ಕಂಡಿತ್ತು. ಮರೆಯುವುದು ಎಲ್ಲ ತಲೆಗಳ ಗುಣ.

ಇನ್ನೊಂದು ಪ್ರಯೋಗವನ್ನು ನಾನು ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ, ಏಕೆಂದರೆ ಅದರ ಫಲಿತಾಂಶ ನಮ್ಮ ಅಂದಾಜಿಗೆ ತಿರುಗುಮುರುಗಾಗಿದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಇದನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಪಾಠಗಳನ್ನು ಓದಲು ಕೊಟ್ಟರು. ಕೆಲವು ಪಾಠಗಳನ್ನು ಮತ್ತೊಮ್ಮೆ ಓದಿಸಿದರು. ಇನ್ನು ಕೆಲವನ್ನು ಹಾಳೆ ನೋಡದೆ, ನೆನಪಿದ್ದಷ್ಟು ಬರೆಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದ್ದೇ ಮುಂದೆ: ನೂರಕ್ಕೆ 81, ಬರೆದದ್ದು 75. ಒಂದು ವಾರ ಬಿಟ್ಟು ನೋಡಿದಾಗ ಮತ್ತೆ ಓದಿದ್ದು 42ಕ್ಕೆ ಕುಸಿದಿತ್ತು, ನೆನಪು ಮಾಡಿ ಬರೆದದ್ದು 56ರಲ್ಲಿತ್ತು. ರಾತ್ರಿಯೆಲ್ಲ ನೋಟ್ಸ್ ತಿರುವಿಹಾಕುವಾಗ ‘ಎಲ್ಲ ಬಂತು’ ಅನ್ನಿಸುವುದು ಸುಳ್ಳೇನಲ್ಲ. ಅದು ಆ ಐದು ನಿಮಿಷದ ಸತ್ಯ.

ನಿಮ್ಮ ಅಪ್ಪ ಕೇಳುವ ಪ್ರಶ್ನೆಯಲ್ಲೇ ಇದಕ್ಕೆ ದಾರಿ ಇದೆ. ನಿಮ್ಮ ಕಡೆ ಓದುವುದಕ್ಕೆ ‘ಅಭ್ಯಾಸ ಮಾಡೂದು’ ಅನ್ನುತ್ತಾರೆ. ನಾನು ಹಳೆ ಮೈಸೂರಿನ ಕಡೆಯವಳು. ನಮಗೆ ಅಭ್ಯಾಸ ಎಂದರೆ ರೂಢಿ, ಮತ್ತೆ ಮತ್ತೆ ಮಾಡಿ ಕೈಗೆ ಹತ್ತಿಸಿಕೊಂಡದ್ದು. ನಿಮ್ಮ ಮಾತಿನಲ್ಲಿ ಎರಡೂ ಒಂದೇ ಪದ. ನಿಮ್ಮ ಮನೆಯಲ್ಲಿ ಗೋವಿನಜೋಳವನ್ನೋ ಹತ್ತಿಯನ್ನೋ ಬಿತ್ತಿದ ಮೇಲೆ ಎಡೆ ಹೊಡೆಯುವುದನ್ನು ನೋಡಿಯೇ ಇರುತ್ತೀರಿ. ಸಾಲಿನ ನಡುವೆ ಎಡೆಕುಂಟೆ ಹಗುರವಾಗಿ ಹಾಯುತ್ತದೆ, ಕಳೆ ಸಣ್ಣದಿರುವಾಗಲೇ. ಕೆಲವು ದಿನ ಬಿಟ್ಟು ಮತ್ತೊಂದು ಸಲ. ಕಳೆ ಎದೆಮಟ್ಟ ಬೆಳೆದ ಮೇಲೆ ಹದಿನೈದು ಆಳು ಹಚ್ಚಿ ಕೀಳಿಸಿದರೆ ಖರ್ಚೂ ಹೆಚ್ಚು, ಬೆಳೆಯೂ ಬಡವಾಗುತ್ತದೆ. ಸೆಮಿಸ್ಟರ್ ಉದ್ದಕ್ಕೂ ಓದುವುದೆಂದರೆ ದಿನಾ ಐದು ಗಂಟೆ ಕೂರುವುದು ಎಂದು ನೀವು ತಿಳಿದಿದ್ದೀರಿ. ನಾನು ಕೇಳುವುದು ಎಡೆ ಹೊಡೆದಷ್ಟು ಹಗುರವಾದ ಕೆಲಸ.

ಕಾಲೇಜಿನಿಂದ ಬಂದು, ಚಹಾ ಕುಡಿದು, ಮೊಬೈಲನ್ನು ಗೆಳತಿಯ ಕೈಗೆ ಕೊಟ್ಟು ಇಪ್ಪತ್ತು ನಿಮಿಷ ಕೂರಿ. ನೋಟ್‌ಬುಕ್ ಮುಚ್ಚಿಯೇ ಇರಲಿ. ಖಾಲಿ ಹಾಳೆಯ ಮೇಲೆ, ಇವತ್ತು ಕ್ಲಾಸಿನಲ್ಲಿ ನಡೆದದ್ದರಲ್ಲಿ ನೆನಪಿರುವಷ್ಟು ಬರೆಯಿರಿ. ಸ್ಟ್ಯಾಕ್‌ಗೂ ಕ್ಯೂಗೂ ಏನು ವ್ಯತ್ಯಾಸ ಎಂದು ಎರಡು ಚಿತ್ರ, ಒಂದು ಸಾಲು. ಬರೆದದ್ದು ಕನ್ನಡದಲ್ಲಿ ಬಂದರೆ ಕನ್ನಡದಲ್ಲೇ ಬರಲಿ. ಆಮೇಲೆ ನೋಟ್ಸ್ ತೆಗೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಅಷ್ಟೇ. ಮೊದಲ ವಾರ ಹಾಳೆ ಹೆಚ್ಚುಕಡಿಮೆ ಕೆಂಪಾಗಿಯೇ ಇರುತ್ತದೆ, ಗಾಬರಿಯಾಗಬೇಡಿ. ನೆನಪಿಗೆ ತಡಕಾಡುವ ಆ ಕಷ್ಟವೇ ಕೆಲಸ ಮಾಡುವುದು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಆ ವಾರದ ಹಾಳೆಗಳ ಕೆಂಪು ಭಾಗವನ್ನಷ್ಟೇ ನೋಡಿ, ಹಳೆಯ ಪ್ರಶ್ನೆಪತ್ರಿಕೆಯಿಂದ ಒಂದು ಪ್ರಶ್ನೆ ತೆಗೆದು ಗಡಿಯಾರ ಇಟ್ಟು ಉತ್ತರ ಬರೆಯಿರಿ.

ದಿನ ತಪ್ಪುತ್ತದೆ. ಊರಿಗೆ ಹೋಗುತ್ತೀರಿ, ಹಬ್ಬ ಬರುತ್ತದೆ, ಮುಟ್ಟಿನ ಹೊಟ್ಟೆನೋವು ಇರುತ್ತದೆ. ತಪ್ಪಿದ ದಿನದ ಬಾಕಿಯನ್ನು ತೀರಿಸಬೇಡಿ ಎಂಬುದು ನನ್ನ ಒಂದೇ ಕಟ್ಟುನಿಟ್ಟು. ಹೋದದ್ದು ಹೋಯಿತು, ಇವತ್ತಿನ ಕ್ಲಾಸಿನಿಂದಲೇ ಹಿಡಿಯಿರಿ. ಬಾಕಿ ತೀರಿಸಲು ಹೋಗಿಯೇ ಅಲ್ಲವೇ ಇಷ್ಟು ಸಲ ಪುಸ್ತಕ ಮುಚ್ಚಿದ್ದು?

ಬ್ಯಾಕ್ ಉಳಿದ ಗಣಿತವನ್ನು ಈ ಇಪ್ಪತ್ತು ನಿಮಿಷದೊಳಗೆ ತುರುಕಬೇಡಿ. ಅದಕ್ಕೆ ವಾರದಲ್ಲಿ ಎರಡು ಸಂಜೆ ಬೇರೆ ಇರಲಿ, ಒಂದೊಂದು ಗಂಟೆ. ಎಲ್ಲಿಂದ ಶುರುಮಾಡಬೇಕು ಎಂದು ಗಣಿತ ಕಲಿಸುವ ಗೆಳತಿಯೊಬ್ಬರನ್ನು ಕೇಳಿದೆ. ನೀವು ವಿ.ಟಿ.ಯು.ನ 2022ರ ಸ್ಕೀಮಿನವರಾದರೆ, ಕಂಪ್ಯೂಟರ್ ಸೈನ್ಸಿನ ಮೊದಲ ಸೆಮ್ ಗಣಿತದಲ್ಲಿ ಐದನೇ ಮಾಡ್ಯೂಲ್ ಲೀನಿಯರ್ ಆಲ್ಜಿಬ್ರಾ. ಎರಡನೇ ಸೆಮ್‌ನಲ್ಲಿ ಕೊನೆಯ ಎರಡು ಮಾಡ್ಯೂಲ್ ನ್ಯೂಮರಿಕಲ್ ಮೆಥಡ್ಸ್. ಅಲ್ಲಿ ಹೆಚ್ಚಿನ ಕೆಲಸ ಕೂಡಿಸಿ ಗುಣಿಸಿ ಹೆಜ್ಜೆ ತಪ್ಪದೆ ಸಾಗುವುದು. ಪತ್ರಿಕೆಯಲ್ಲಿ ಐದು ಮಾಡ್ಯೂಲ್, ಪ್ರತಿಯೊಂದಕ್ಕೂ ಇಪ್ಪತ್ತು ಅಂಕ, ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರಿಸಿದರೆ ಸಾಕು. ಹಾಗಾಗಿ ಕೈಗೆ ಎಟುಕುವಲ್ಲಿಂದ ಹಿಡಿದರೆ ಗಣಿತದ ಮೇಲಿನ ದಿಗಿಲು ಮೊದಲು ಕರಗುತ್ತದೆ, ಒಂದನೇ ಮಾಡ್ಯೂಲ್ ಆಮೇಲೆ ಬರಲಿ. ಹಾಸ್ಟೆಲಿನಲ್ಲಿ ಇದನ್ನೇ ‘ಪಾಸಿಂಗ್ ಪ್ಯಾಕೇಜ್’ ಅನ್ನುತ್ತಾರೆ ಎಂಬುದು ನನಗೂ ಗೊತ್ತು. ಬ್ಯಾಕ್ ತೀರಿಸಲು ಅದು ತಪ್ಪಲ್ಲ. ಈಗ ನಡೆಯುತ್ತಿರುವ ವಿಷಯಗಳಿಗೆ ಅದನ್ನೇ ನೆಚ್ಚಿಕೊಳ್ಳಬೇಡಿ, ಇವತ್ತಿನ ಡೇಟಾ ಸ್ಟ್ರಕ್ಚರ್ಸ್ ಮುಂದೆ ಕೆಲಸದ ಇಂಟರ್‌ವ್ಯೂವರೆಗೂ ಹಿಂದೆ ಬರುತ್ತದೆ. ಬ್ಯಾಕ್ ಎಷ್ಟಿದ್ದರೆ ಮುಂದಿನ ವರ್ಷಕ್ಕೆ ಅಡ್ಡಿ, ಅರ್ಜಿ ಯಾವಾಗ ತುಂಬಬೇಕು ಎಂಬುದನ್ನು ಕಾಲೇಜಿನ ಪರೀಕ್ಷಾ ವಿಭಾಗದಲ್ಲೇ ಕೇಳಿ. ಸೀನಿಯರ್‌ಗಳು ಹೇಳುವ ಲೆಕ್ಕ ಅವರ ಸ್ಕೀಮಿನದ್ದಾಗಿರಬಹುದು.

ಇಂಟರ್ನಲ್ಸ್ ಬಗ್ಗೆ ನೀವು ಏನೂ ಬರೆದಿಲ್ಲ. ಆ 2022ರ ಸ್ಕೀಮಿನಲ್ಲಿ ನೂರರಲ್ಲಿ ಐವತ್ತು ಅಂಕ ಅಲ್ಲೇ ಇದೆ. ಟೆಸ್ಟು, ಅಸೈನ್‌ಮೆಂಟು ಎಂದು ಸೆಮ್ ನಡೆಯುತ್ತಿರುವಾಗಲೇ ತೀರ್ಮಾನವಾಗುವ ಐವತ್ತು. ಉಳಿದ ಐವತ್ತಕ್ಕೆ ನೂರು ಅಂಕದ ಮೂರು ಗಂಟೆಯ ಪತ್ರಿಕೆ. ಒಂದು ಲೆಕ್ಕ ನೋಡಿ. ಒಟ್ಟು ಎಪ್ಪತ್ತು ಬೇಕು ಎಂದುಕೊಳ್ಳಿ. ಇಂಟರ್ನಲ್ಸ್‌ನಲ್ಲಿ 42 ಇದ್ದರೆ ಕೊನೆಯ ಪತ್ರಿಕೆಯಲ್ಲಿ ನೂರಕ್ಕೆ 56 ತೆಗೆದರೆ ಸಾಕು. ಇಂಟರ್ನಲ್ಸ್‌ನಲ್ಲಿ 24 ಮಾತ್ರ ಇದ್ದರೆ ಅದೇ ಎಪ್ಪತ್ತಕ್ಕೆ 92 ಬೇಕು. ಪಾಸಾಗಲು ಕೊನೆಯ ಪತ್ರಿಕೆಯಲ್ಲಿ ನೂರಕ್ಕೆ 35 ಹೇಗೂ ಬರಲೇಬೇಕು, ಎರಡೂ ಸೇರಿ 40. ‘ಫೈನಲ್ ಎಕ್ಸಾಂ’ ಎಂದು ನೀವು ಹೆದರುವ ಆ ದಿನದ ಅರ್ಧ ಭಾಗ ಮೊದಲ ಟೆಸ್ಟಿನಿಂದಲೇ ಶುರುವಾಗಿರುತ್ತದೆ. ಸಂಜೆಯ ಆ ಹಾಳೆಗಳು ಮೊದಲು ಫಲ ಕೊಡುವುದೂ ಅಲ್ಲಿಯೇ.

ಭಾಷೆಯ ಮಾತನ್ನು ನೀವು ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ನಾನು ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಪಾಠ ಕೇಳುವಾಗ ಎರಡು ಕೆಲಸ ಮಾಡುತ್ತಿರುತ್ತಾರೆ: ಮಾತು ಅರ್ಥ ಮಾಡಿಕೊಳ್ಳುವುದು, ವಿಷಯ ಅರ್ಥ ಮಾಡಿಕೊಳ್ಳುವುದು. ಪಕ್ಕದ ಬೆಂಚಿನವರಿಗೆ ಒಂದೇ ಕೆಲಸ. ಆದ್ದರಿಂದ ದಣಿವು ನಿಮಗೆ ಹೆಚ್ಚು. ಅದನ್ನು ದಡ್ಡತನ ಎಂದು ಓದಿಕೊಂಡಿದ್ದೀರಿ. ಈ ಸೆಮ್‌ನ ಗಣಿತ ‘ಪ್ರಾಬಬಿಲಿಟಿ ಡಿಸ್ಟ್ರಿಬ್ಯೂಷನ್’ ಎಂದು ಶುರುವಾದಾಗ ಬಹುಶಃ ಎದೆ ಝಲ್ಲೆಂದಿರಬೇಕು. ಅದರ ಬೇರು ನೀವು ಹೈಸ್ಕೂಲಿನಲ್ಲಿ ದಾಳ, ನಾಣ್ಯ ಚಿಮ್ಮಿಸಿ ಕಲಿತ ಸಂಭವನೀಯತೆ. ಆಗ ಅದು ನಿಮಗೆ ಸಲೀಸಾಗಿ ಬರುತ್ತಿತ್ತು. ಹೊಸ ಪಾಠ ಬಂದಾಗಲೆಲ್ಲ ಒಂದು ಕ್ಷಣ ‘ಇದಕ್ಕೆ ಕನ್ನಡದಲ್ಲಿ ನಾನು ಏನೆಂದು ಕಲಿತಿದ್ದೆ?’ ಎಂದು ಕೇಳಿಕೊಳ್ಳಿ. ವಿಷಯ ಕನ್ನಡದಲ್ಲಿ ತಿಳಿಯಲಿ, ಉತ್ತರ ಇಂಗ್ಲಿಷಿನಲ್ಲಿ ಬರೆಯುವುದನ್ನು ಭಾನುವಾರದ ಗಂಟೆಯಲ್ಲಿ ರೂಢಿಸಿಕೊಳ್ಳಿ.

ತಿಳಿಯದಿದ್ದರೆ ಮೇಷ್ಟ್ರನ್ನು ಕೇಳಬೇಕು ಎಂದು ಎಲ್ಲರೂ ಹೇಳುತ್ತಾರೆ. ‘ಸರ್, ಏನೂ ಅರ್ಥ ಆಗ್ತಿಲ್ಲ’ ಎಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರೆ ಅವರಿಗೂ ಎಲ್ಲಿಂದ ಹಿಡಿಯಬೇಕೋ ತಿಳಿಯುವುದಿಲ್ಲ. ಕೆಂಪು ಪೆನ್ನಿನ ಹಾಳೆ ಹಿಡಿದು ಹೋಗಿ, ‘ಇಲ್ಲಿಯವರೆಗೆ ಬಂತು, ಈ ಸಾಲಿನಿಂದ ಮುಂದಕ್ಕೆ ಬರಲಿಲ್ಲ’ ಎಂದು ತೋರಿಸಿ. ನಾನು ಹದಿನಾರು ವರ್ಷ ಪಾಠ ಮಾಡಿದವಳು. ಹಾಗೆ ಹಾಳೆ ಹಿಡಿದು ಬಂದ ವಿದ್ಯಾರ್ಥಿಯನ್ನು ಗದರಿ ಕಳಿಸಿದ ನೆನಪಿಲ್ಲ. ಬರಿಗೈಯಲ್ಲಿ ಬಂದವರನ್ನು ಒಂದೆರಡು ಸಲ ಗದರಿದ್ದೇನೆ, ಅದಕ್ಕೆ ಈಗ ಬೇಸರವಿದೆ.

ಹಾಲ್‌ನಲ್ಲಿ ತಲೆ ಖಾಲಿಯಾಗುವುದರಲ್ಲಿ ನಿದ್ದೆಗೆಟ್ಟ ರಾತ್ರಿಯ ಪಾಲು ದೊಡ್ಡದು. ಓದಿದ್ದು ಗಟ್ಟಿಯಾಗುವುದೇ ನಿದ್ದೆಯಲ್ಲಿ. ಪರೀಕ್ಷೆಯ ಹಿಂದಿನ ರಾತ್ರಿ ಆರು ತಾಸಾದರೂ ಮಲಗಿ. ಪತ್ರಿಕೆ ಕೈಗೆ ಬಂದಾಗ ಕತ್ತಲು ಕವಿದರೆ ಪೆನ್ ಕೆಳಗಿಟ್ಟು, ಉಸಿರನ್ನು ನಿಧಾನವಾಗಿ ನಾಲ್ಕೈದು ಸಲ ಹೊರಬಿಟ್ಟು, ಗೊತ್ತಿರುವ ಮಾಡ್ಯೂಲಿನಿಂದ ಶುರುಮಾಡಿ. ಮೂರು ಗಂಟೆಯಲ್ಲಿ ಎರಡು ನಿಮಿಷ ಹೋದರೆ ನಷ್ಟವಿಲ್ಲ.

ಇಷ್ಟೆಲ್ಲ ಬರೆದೆ. ಆದರೆ ಅಪ್ಪನಿಗೆ ಹೇಳದೆ ಇದ್ಯಾವುದೂ ಬಹಳ ದಿನ ನಡೆಯಲಾರದು ಎಂದು ನನಗೆ ಅನ್ನಿಸುತ್ತದೆ. ಸುಳ್ಳನ್ನು ಕಾಯುವುದಕ್ಕೇ ಬೇಕಾದಷ್ಟು ಶಕ್ತಿ ಖರ್ಚಾಗುತ್ತದೆ. ಅವರಿಗೆ ಬೇಸರವಾಗಬಹುದು, ಒಂದೆರಡು ದಿನ ಮಾತು ಕಡಿಮೆಯಾಗಬಹುದು. ಸಿಟ್ಟಿಗೆದ್ದು ‘ಇಷ್ಟು ದುಡ್ಡು ಸುರಿದು ಕಳಿಸಿದ್ದು ಇದಕ್ಕಾ’ ಎಂದರೂ ಅಂದಾರು. ಆ ಮಾತಿಗೆ ತಯಾರಾಗಿರಿ, ಅದನ್ನು ಅವರ ಕೊನೆಯ ಮಾತು ಎಂದುಕೊಳ್ಳಬೇಡಿ. ಮಳೆ ಕೈಕೊಟ್ಟ ವರ್ಷಗಳನ್ನು ಕಂಡ ಮನುಷ್ಯ ಅವರು. ಬೆಳೆ ಹೋದ ಮರುವರ್ಷವೂ ಬಿತ್ತಿದವರು. ನೇರವಾಗಿ ಹೇಳಲು ಧೈರ್ಯ ಬಾರದಿದ್ದರೆ ಮೊದಲು ಅವ್ವನಿಗೆ ಹೇಳಿ, ಇಲ್ಲವೇ ಮನೆಯಲ್ಲಿ ನಿಮ್ಮ ಮಾತು ನಡೆಸಿಕೊಡುವ ಮಾವನೋ ಅಕ್ಕನೋ ಇದ್ದರೆ ಅವರನ್ನು ಜೊತೆಗಿಟ್ಟುಕೊಳ್ಳಿ. ಹೇಳುವಾಗ ಬ್ಯಾಕ್ ಇದೆ ಎನ್ನುವುದರ ಜೊತೆಗೆ ‘ವಾರದಾಗ ಎರಡು ದಿನ ಅದಕ್ಕ ಕುಂದರತೀನಿ’ ಎಂಬುದನ್ನೂ ಹೇಳಿ. ಬರೀ ಕೆಟ್ಟ ಸುದ್ದಿಗಿಂತ ಅದು ಕೇಳುವವರಿಗೆ ಹಿಡಿದುಕೊಳ್ಳಲು ಒಂದು ಕೊನೆ ಕೊಡುತ್ತದೆ.

ಈ ಪತ್ರ ಓದುತ್ತಿರುವ ಅಪ್ಪ ಅಮ್ಮಂದಿರಲ್ಲಿಯೂ ಒಂದು ಕೋರಿಕೆ. ‘ಹೇಗೆ ಓದುತ್ತಿದ್ದೀಯ?’ ಎಂಬ ಪ್ರಶ್ನೆಗೆ ‘ಚೆನ್ನಾಗಿ’ ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಕೊಡಲು ಮಕ್ಕಳಿಗೆ ಜಾಗವೇ ಇರುವುದಿಲ್ಲ. ವಾರದಲ್ಲಿ ಒಂದು ದಿನ ‘ಈ ವಾರ ಯಾವುದು ತಿಳಿಯಲಿಲ್ಲ?’ ಎಂದು ಕೇಳಿ ನೋಡಿ. ನಿಮಗೆ ಆ ವಿಷಯ ಗೊತ್ತಿರಬೇಕು ಎಂದೇನಿಲ್ಲ, ಕೇಳಿಸಿಕೊಂಡರೆ ಸಾಕು.

ನೀವು ಇವತ್ತು ಸಂಜೆ ಮಾಡಬೇಕಾದದ್ದು ಒಂದು ಹಾಳೆ, ಇಪ್ಪತ್ತು ನಿಮಿಷ. ಫೋನಿನ ಮಾತು ಈ ಭಾನುವಾರಕ್ಕಿರಲಿ, ಅಪ್ಪ ಹೊಲದಿಂದ ಬಂದು ಕೈಕಾಲು ತೊಳೆದು ಕೂತ ಮೇಲೆ. ನನಗೆ ಮತ್ತೆ ಬರೆಯುತ್ತೀರಲ್ಲ? ಮಾರ್ಕ್ಸ್ ಬರೆಯುವುದು ಬೇಡ. ಆ ದಿನ ಅವರು ಏನಂದರು ಎಂಬುದನ್ನು ಬರೆಯಿರಿ.